ಮೊಳೆಯಿಲ್ಲದ ಹಲಗೆ

ಒಂಬತ್ತನೇ ಬೀದಿಯ ಜನ ರೈನ್‌ಹೋಲ್ಡ್ ಬುಂಟ್ರಾಕನ ಬಗ್ಗೆ ಎರಡು ಮಾತು ಆಡುತ್ತಿದ್ದರು. ಸಾವಿರದ ಒಂಬೈನೂರ ಐವತ್ತರ ಈಸ್ಟರ್ ಹಬ್ಬದವರೆಗೆ ಆಡಿದ್ದು ಒಂದು, ಆಮೇಲೆ ಆಡಿದ್ದು ಇನ್ನೊಂದು.

ಮೊದಲಿನದು ನಗುವಿನ ಮಾತು. "ಬುಂಟ್ರಾಕ್ ನಡೆಯೋದು ನೋಡಿದೀರಾ? ಕಾಲಿಡೋ ಮುಂಚೆ ನೆಲದ ಅಪ್ಪಣೆ ಕೇಳ್ತಾನೆ." ಅದು ನಿಜವೂ ಆಗಿತ್ತು. ಯಾರ ಮನೆಗೆ ಹೋದರೂ ಅವನು ಹೊಸ್ತಿಲು ದಾಟಿ ಒಂದು ಗಳಿಗೆ ನಿಂತು, ಹಿಮ್ಮಡಿಯಿಂದ ಹಲಗೆಯನ್ನು ಮೆಲ್ಲಗೆ ಒತ್ತಿ, ಕಿವಿಗೊಟ್ಟು, ಆಮೇಲೆ ಮುಂದಿನ ಹೆಜ್ಜೆ ಇಡುತ್ತಿದ್ದ. "ಅಡುಗೆಮನೆ ಮೂಲೇಲಿ ತೊಲೆ ನೆನೆದಿದೆ, ನೋಡಿಸ್ಕೊಳ್ಳಿ" ಎಂದು ಹೇಳಿ ಕಾಫಿ ಕುಡಿದು ಎದ್ದು ಬರುತ್ತಿದ್ದ. ಅವನು ಹೇಳಿದ ಮೂಲೆ ಆರು ತಿಂಗಳಿಗೆ ಕುಸಿಯುತ್ತಿತ್ತು.

ಎರಡನೆಯದು ದನಿ ತಗ್ಗಿಸಿ ಆಡುವ ಮಾತು. "ಶುಭ ಶುಕ್ರವಾರ ಮೊಳೆ ಹೊಡೆದ ಕೈ ಅದು. ನಮ್ಮ ತಂಡ ಮುಳುಗಿದ್ದು ಆ ಕೈಯಿಂದ್ಲೇ." ಈ ಮಾತಿನಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಯಾವುದು ಯಾವ ಅರ್ಧ ಎಂದು ಬಲ್ಲವರು ಊರಿನಲ್ಲಿ ಇಬ್ಬರೇ, ಅವನು ಮತ್ತು ಅವನ ಹೆಂಡತಿ. ಅವನು ಹದಿನೆಂಟು ವರ್ಷ ಬಾಯಿ ಬಿಡಲಿಲ್ಲ, ಹೆಂಡತಿಗೂ ಬಿಡಗೊಡಲಿಲ್ಲ.

ಬುಂಟ್ರಾಕರದು ಪೀಪಾಯಿ ಕಟ್ಟುವ ಮನೆತನ. ಅಜ್ಜ ಸಮುದ್ರದಾಚೆಯ ಪೊಮೆರೇನಿಯಾದಿಂದ ಹಡಗು ಹತ್ತಿ ಬರುವಾಗ ಮರ ನಯಮಾಡುವ ಉಜ್ಜುಗೊರಡನ್ನು ಕೂಸಿನ ಹಾಗೆ ಕಂಕುಳಲ್ಲಿ ಅವುಚಿಕೊಂಡು ಬಂದಿದ್ದನಂತೆ. ಲಿಂಡೆನ್ ಹಾರ್ಬರ್ ಎಂಬ ಆ ಸರೋವರದ ದಂಡೆಯ ಊರೂ ಪೀಪಾಯಿಯ ಮೇಲೇ ಬದುಕಿದ್ದು. ಬಿಯರಿಗೆ ಬೇಕಾದರೂ, ಉಪ್ಪು ಮೀನಿಗೆ ಬೇಕಾದರೂ ಪೀಪಾಯಿ ಅಲ್ಲಿಂದಲೇ ಹೋಗಬೇಕು. ರೈನ್‌ಹೋಲ್ಡ್ ಹದಿನಾಲ್ಕಕ್ಕೆ ಕಾರ್ಖಾನೆ ಸೇರಿದ. ಮುಂದೆ ಬಿಯರಿನವರು ಲೋಹದ ಪೀಪಾಯಿ ಹಿಡಿದರು, ಕಾರ್ಖಾನೆಯಲ್ಲಿ ಅರ್ಧ ಜನರಿಗೆ ಕೆಲಸ ಹೋಯಿತು. ಆಗ ಅವನಿಗೆ ಸಿಕ್ಕಿದ್ದು ಆರ್ಮರಿಯ ನೆಲ ಕಾಯುವ ಕೆಲಸ.

ಆರ್ಮರಿ ಎಂದರೆ ಊರಿನ ಸೈನಿಕ ದಳದವರು ಕವಾಯತು ಮಾಡುವ ದೊಡ್ಡ ಹಜಾರ. ಮಂಗಳವಾರ, ಗುರುವಾರ ಬೂಟುಗಾಲಿನ ಕವಾಯತು, ಮಧ್ಯೆ ಚರ್ಚಿನವರ ಊಟ, ಮದುವೆ ಕುಣಿತ. ನವೆಂಬರು ಬಂತೆಂದರೆ ಬ್ಯಾಸ್ಕೆಟ್‌ಬಾಲ್. ಊರಿನ ತಂಡಕ್ಕೆ ಕೂಪರ್ಸ್ ಎಂದು ಹೆಸರು, ಪೀಪಾಯಿಯವರು ಎಂದು. ಸಂಬಳಕ್ಕೆ ಆಡುವ ಆಟಗಾರರು. ಲಕ್ಷಗಟ್ಟಲೆ ಜನರಿರುವ ಪಟ್ಟಣಗಳ ತಂಡಗಳ ಜೊತೆ ಒಂದೇ ಲೀಗಿನಲ್ಲಿ ಆಡುತ್ತಿದ್ದರು. ಅಂಥ ಪಟ್ಟಣದ ಆಟಗಾರರು ರೈಲಿಳಿದು ಆರ್ಮರಿಯೊಳಗೆ ಬಂದು "ಇದಾ ನಿಮ್ಮ ಹಜಾರ?" ಎಂದು ಮೂಗು ಮುರಿದಾಗ ಊರವರಿಗೆ ಹಿಡಿಸಲಾರದ ಖುಷಿ. ಮೂಗು ಮುರಿದವರನ್ನೇ ಸೋಲಿಸಿ ಕಳಿಸುವುದು ಇನ್ನೂ ಹೆಚ್ಚಿನ ಖುಷಿ.

ಮೇಪಲ್ ಮರದ ಹಲಗೆ ಹಾಸಿದ ಆ ನೆಲವನ್ನು ರೈನ್‌ಹೋಲ್ಡ್ ಹೇಗೆ ನೋಡಿಕೊಂಡ ಎಂದರೆ, ಅವನ ಹೆಂಡತಿ ಅಡೆಲಾ "ನನ್ನ ಬೆನ್ನು ಅಷ್ಟು ಸಲ ತಿಕ್ಕಿದ್ರೆ ನಾನು ಇನ್ನೂ ಇಪ್ಪತ್ತರ ಹುಡುಗಿ ಥರ ಇರ್ತಿದ್ದೆ" ಎಂದು ನೆಂಟರ ಮುಂದೆಯೇ ಅನ್ನುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಮಹಡಿಯ ಕೋಣೆಯನ್ನು ತಂಡದ ಯಾರಾದರೊಬ್ಬ ಆಟಗಾರನಿಗೆ ಊಟದ ಸಮೇತ ಬಾಡಿಗೆಗೆ ಕೊಡುತ್ತಿದ್ದರು.

ನಲವತ್ತನಾಲ್ಕರ ಚಳಿಗಾಲದಲ್ಲಿ ನೆಲದಡಿಯ ಉಗಿ ಕೊಳವೆ ಸೋರಿತು. ಸೋರಿಕೆಯನ್ನೇನೋ ನಿಲ್ಲಿಸಿದರು, ನೆನೆದ ತೊಲೆ ಹಾಗೇ ಉಳಿಯಿತು. ಮಾರ್ಚ್ ಹೊತ್ತಿಗೆ ಸರೋವರದ ಕಡೆಯ ಬುಟ್ಟಿಯ ಎಡಮೂಲೆಯಲ್ಲಿ, ಗೋಡೆಯಿಂದ ಆರು ಹೆಜ್ಜೆ ಈಚೆಗೆ, ಒಂದು ಮೊಳದಗಲದ ಜಾಗ ಸತ್ತುಹೋಯಿತು. ಚೆಂಡು ಅಲ್ಲಿ ಬಡಿದರೆ ಸೊಂಟಕ್ಕೆ ಏಳಬೇಕಾದದ್ದು ಮೊಣಕಾಲಿಗೇ ನಿಲ್ಲುತ್ತಿತ್ತು. ರೈನ್‌ಹೋಲ್ಡ್ ತಂಡದ ಯಜಮಾನ ಆರ್ಲಾಂಡ್ ಟೀಸನ ಬಳಿ ಹೋದ. ಟೀಸ್ ಕಲ್ಲಿದ್ದಲು ವ್ಯಾಪಾರಿ, ನಗುಮುಖದವನು, ಹಜಾರದ ಸಮಿತಿಗೂ ಅವನೇ ಮುಂದಾಳು.

"ಎರಡು ದಿನ ಹಜಾರ ಬಿಡಿಸಿಕೊಡಿ, ತೊಲೆ ಬದಲಾಯಿಸ್ತೀನಿ."

"ಏನಯ್ಯಾ ಬುಂಟ್ರಾಕ್, ದೇವರು ಕಳಿಸಿದ ಆರನೇ ಆಟಗಾರನ್ನ ಕಿತ್ತು ಹಾಕ್ತೀನಿ ಅಂತೀಯಲ್ಲ! ಬೆವರಲ್ಲ, ಗೊಣಗಲ್ಲ, ಊಟ ಕೇಳಲ್ಲ. ಇರ್ಲಿ ಬಿಡು ಪಾಪ."

ರೈನ್‌ಹೋಲ್ಡನಿಗೂ ನಗು ಬಂತು. ಅಲ್ಲಿಂದ ಆರು ವರ್ಷ ಆ ಹಲಗೆಯನ್ನು ಅವನೇ ಸಾಕಿದ. ಕಣ್ಣಿಗೆ ಬೇರೆ ಕಾಣದ ಹಾಗೆ ಉಳಿದ ನೆಲಕ್ಕಿಂತ ಒಂದು ಕೈ ಹೆಚ್ಚೇ ಮೇಣ ಹಾಕಿ ಉಜ್ಜಿದ. ಹೊಸದಾಗಿ ಬಂದ ಆಟಗಾರರನ್ನು ಕರೆದೊಯ್ದು, ಕಣ್ಣು ಮುಚ್ಚಿಸಿ, ಹಿಮ್ಮಡಿಯಲ್ಲೇ ಆ ಜಾಗ ಹುಡುಕುವುದನ್ನು ಕಲಿಸಿದ. ನಮ್ಮವರು ಆ ಮೂಲೆಯನ್ನು ಮುಳ್ಳು ಕಂಡವರ ಹಾಗೆ ಸುತ್ತುಹಾಕಿ ಓಡುತ್ತಿದ್ದರು; ಎದುರಾಳಿಯನ್ನು ಮಾತ್ರ ಉಪಾಯವಾಗಿ ಅಲ್ಲಿಗೇ ಒತ್ತರಿಸುತ್ತಿದ್ದರು. ಅವನು ಚೆಂಡು ಬಡಿಯುತ್ತಾ ಬರುವನು, ಚೆಂಡು ಸಾಯುವುದು, ಅವನ ಕೈ ಗಾಳಿಯನ್ನು ಬಡಿಯುವುದು, ನಮ್ಮವನು ಬಗ್ಗಿ ಎತ್ತಿಕೊಂಡು ಓಡುವನು. ಊರವರು ಅದಕ್ಕೆ ಬುಂಟ್ರಾಕನ ಹಲಗೆ ಎಂದೇ ಹೆಸರಿಟ್ಟರು. ಬಿಯರಿನ ಅಂಗಡಿಯಲ್ಲಿ ಅವನ ಲೋಟ ಖಾಲಿಯಾಗಲು ಜನ ಬಿಡುತ್ತಿರಲಿಲ್ಲ. ಪೀಪಾಯಿ ಕಟ್ಟಿದ ಮೂವತ್ತು ವರ್ಷದಲ್ಲಿ ಒಬ್ಬನೂ ಹಾಗೆ ಅವನ ಹೆಸರು ಹಿಡಿದು ಕೂಗಿದ್ದಿಲ್ಲ.

ಐವತ್ತರ ವಸಂತದಲ್ಲಿ ಕೂಪರ್ಸ್ ಋತುವಿನ ಕೊನೆಯ ಪಂದ್ಯಾವಳಿಗೆ ಬಂದರು. ಮೂರು ಆಟದಲ್ಲಿ ಎರಡು ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ದೊಡ್ಡ ಪಟ್ಟಣದ ತಂಡಗಳಿಗೆ ಸಣ್ಣ ಊರುಗಳು ಲೀಗಿನಲ್ಲಿರುವುದು ಬೇಡವಾಗಿತ್ತು, ಆ ಸುದ್ದಿ ಊರಿಗೆಲ್ಲ ಗೊತ್ತಿತ್ತು. "ಈ ಸಲ ಗೆದ್ದುಬಿಟ್ರೆ ನಮ್ಮನ್ನ ಯಾರು ಹೊರಗೆ ಹಾಕ್ತಾರೆ ನೋಡೋಣ" ಎಂದು ಕ್ಷೌರದಂಗಡಿಯಿಂದ ಚರ್ಚಿನ ಮೆಟ್ಟಿಲವರೆಗೆ ಅದೇ ಮಾತು.

ಮೊದಲ ಸುತ್ತಿನಲ್ಲಿ ಎದುರಾಳಿ ತಂಡದಲ್ಲಿ ವೆಂಡೆಲ್ ಮ್ಯಾಬ್ರಿ ಎಂಬವನಿದ್ದ. ಓಹಾಯೋ ಕಡೆಯವನು, ಇಪ್ಪತ್ಮೂರು ವರ್ಷ, ಕೊಕ್ಕರೆಯಂಥ ಕಾಲು. ಕೊನೆಯ ಆಟದ ಎರಡನೇ ಅರ್ಧದಲ್ಲಿ ಅವನು ಚೆಂಡು ಬಡಿಯುತ್ತಾ ಎಡಮೂಲೆಗೆ ನುಗ್ಗಿದ. ಚೆಂಡು ಸತ್ತಿತು. ಓಡುತ್ತಿದ್ದವನು ಅದನ್ನು ಹಿಡಿಯಲು ಹಾಗೇ ಬಗ್ಗಿ ಆ ಹಲಗೆಯ ಮೇಲೆ ಕಾಲೂರಿದ. ಹಲಗೆ ಒಂದು ಬೆರಳಿನಷ್ಟು ಒಳಕ್ಕಿಳಿಯಿತು. ಮೈ ತಿರುಗಿತು, ಕಾಲು ತಿರುಗಲಿಲ್ಲ.

ಆ ಸದ್ದು ಗೋಡೆ ಬದಿಯಲ್ಲಿ ನೆಲ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ರೈನ್‌ಹೋಲ್ಡನಿಗೆ ಕೇಳಿಸಿತು. ಪೀಪಾಯಿಯ ಹಲಗೆಯನ್ನು ಬೆಂಕಿಗೆ ಹಿಡಿದು ಬಗ್ಗಿಸುವಾಗ ಹದ ತಪ್ಪಿದರೆ ಬರುವ ಸದ್ದು ಅದು. ಅದು ಬಾರದಿರಲೆಂದೇ ಅವನು ಒಂದು ಜನ್ಮವಿಡೀ ಕಿವಿ ತೆರೆದು ದುಡಿದಿದ್ದ.

ಹುಡುಗನನ್ನು ಹೊತ್ತೊಯ್ದರು. ಆಟ ಮುಂದುವರಿಯಿತು, ಕೂಪರ್ಸ್ ಗೆದ್ದರು. ಬಾಗಿಲಲ್ಲಿ ಯಾರೋ ಬೆನ್ನು ತಟ್ಟಿದರು: "ಇವತ್ತು ನಿನ್ನ ಹಲಗೆ ಎರಡಾಳಿನ ಕೆಲಸ ಮಾಡ್ತು ಕಣೋ!" ಇನ್ಯಾರೋ ನಕ್ಕರು. ರೈನ್‌ಹೋಲ್ಡ್ ಅಂದು ಬಿಯರಿನ ಅಂಗಡಿಗೆ ಹೋಗಲಿಲ್ಲ.

ಅಡೆಲಾ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಆ ಹುಡುಗನ ಅಮ್ಮನಿಗೆ ಯಾರಾದ್ರೂ ತಂತಿ ಕೊಟ್ರಾ?" ಅವನಿಗೆ ಗೊತ್ತಿರಲಿಲ್ಲ.

ಮರುದಿನ ಲಾಂದ್ರ ಹಿಡಿದು ನೆಲದಡಿಗೆ ತೆವಳಿದ. ತೊಲೆಗೆ ಬೆರಳು ಒತ್ತಿದರೆ ಹಾಲಿನಲ್ಲಿ ನೆನೆದ ಬ್ರೆಡ್ಡಿಗೆ ಹೋದ ಹಾಗೆ ಹೋಯಿತು. ಇನ್ನು ಮುಂದಿನ ಸಲ ಬೆರಳಿನಷ್ಟು ಕುಸಿಯುವುದಲ್ಲ, ಕಾಲು ಮಂಡಿಯವರೆಗೆ ಇಳಿಯುತ್ತದೆ ಎಂದು ಅವನಿಗೆ ಖಾತ್ರಿಯಾಯಿತು. ತಂಡದ ಜೊತೆ ಪ್ರಯಾಣ ಹೋಗಿದ್ದ ಟೀಸ್ ಊರಿಗೆ ಮರಳಿದ ಕೂಡಲೇ ಮತ್ತೆ ಅವನ ಬಳಿ ಹೋದ.

ಅಷ್ಟರಲ್ಲಿ ಎರಡನೇ ಸುತ್ತು ಶುರುವಾಗಿತ್ತು. ಪೂರ್ವದ ಒಂದು ದೊಡ್ಡ ಪಟ್ಟಣದ ತಂಡ. ಅವರ ಊರಿನಲ್ಲಿ ಆಡಿದ ಎರಡರಲ್ಲಿ ಒಂದು ಅವರು ಗೆದ್ದಿದ್ದರು, ಒಂದು ನಮ್ಮವರು. ಕೊನೆಯದು ಈಸ್ಟರ್ ಹಿಂದಿನ ಶನಿವಾರ, ನಮ್ಮ ಆರ್ಮರಿಯಲ್ಲೇ.

"ಹಬ್ಬ ಆಗ್ಲಿ," ಎಂದ ಟೀಸ್. "ಇನ್ನೊಂದು ಸಂಜೆ ತಡ್ಕೊಳ್ಳಲ್ವಾ ನಿನ್ನ ತೊಲೆ?"

"ತೊಲೆ ತಡ್ಕೊಂಡ್ರೂ ಕಾಲು ತಡ್ಕೊಳ್ಳಲ್ಲ."

"ಅವರ ಕಾಲು ತಾನೆ?" ಎಂದವನು ರೈನ್‌ಹೋಲ್ಡನ ಮುಖ ನೋಡಿ ದನಿ ಬದಲಿಸಿದ. "ನೋಡು, ಕೀಲಿ ನಿನ್ನ ಜೇಬಲ್ಲಿದೆ. ಅದನ್ನ ಕೊಟ್ಟೋನು ನಾನು. ಎರಡನ್ನೂ ನೆನಪಿಟ್ಕೋ."

ರೈನ್‌ಹೋಲ್ಡ್ ಮನೆಗೆ ಬಂದು ನೆಲಮಾಳಿಗೆಗೆ ಇಳಿದ. ಓಕ್ ಮರದ ಒಂದು ಹೊಸ ತೊಲೆಯನ್ನು ಅಳತೆಗೆ ಕೊಯ್ದ. ಪೀಪಾಯಿಯ ಮುಚ್ಚಳ ಜೋಡಿಸಲು ಬಳಸುವಂಥ ಸಣ್ಣ ಗೂಟಗಳನ್ನು ಕೆತ್ತಿ ಒಲೆಯ ಮೇಲೆ ಒಣಗಲು ಹಾಕಿದ. ಪೀಪಾಯಿಯವರು ಮುಚ್ಚಳಕ್ಕೆ ಮೊಳೆ ಹೊಡೆಯುವುದಿಲ್ಲ. ಒಣಗಿದ ಗೂಟ ಬಡಿದು ಬಿಟ್ಟರೆ ಅದು ತೇವ ಕುಡಿದು ಉಬ್ಬಿ ತಾನಾಗಿ ಬಿಗಿಯುತ್ತದೆ. ಹಜಾರ ಆ ವಾರ ಪೂರ್ತಿ ಬಿಡುವಿಲ್ಲದೆ ತುಂಬಿತ್ತು. ಶನಿವಾರ ಬೆಳಿಗ್ಗೆ ಎರಡೂ ತಂಡ ಅಭ್ಯಾಸಕ್ಕೆ ಬರುತ್ತವೆ. ಖಾಲಿಯಿದ್ದದ್ದು ಒಂದೇ ದಿನ, ಶುಭ ಶುಕ್ರವಾರ.

ಆ ದಿನ ಲಿಂಡೆನ್ ಹಾರ್ಬರಿನಲ್ಲಿ ಯಾರೂ ಸುತ್ತಿಗೆ ಮುಟ್ಟುವುದಿಲ್ಲ. ಕುದುರೆಯ ಲಾಳ ಬಿಚ್ಚಿದರೆ ಕುದುರೆ ನಿಂತಲ್ಲೇ ನಿಲ್ಲಬೇಕು, ಬೇಲಿ ಬಿದ್ದರೆ ಬಿದ್ದೇ ಇರಬೇಕು. ಆ ದಿನ ಹೊಡೆದ ಮೊಳೆ ಮರಕ್ಕೆ ಹೋಗುವುದಿಲ್ಲ, ಶಿಲುಬೆಯ ಮೇಲಿನ ಆ ಕೈಗಳಿಗೇ ಮತ್ತೆ ಹೋಗುತ್ತದೆ ಎಂದು ಅಜ್ಜಿಯರು ಹೇಳಿ ಬೆಳೆಸಿದ ಊರು ಅದು.

ಬೆಳಗಿನ ಪ್ರಾರ್ಥನೆ ಮುಗಿಸಿ ಬಂದು, ಹೆರಿಂಗ್ ಮೀನು ಮತ್ತು ಬೇಯಿಸಿದ ಆಲೂಗಡ್ಡೆ ತಿಂದಾದ ಮೇಲೆ ರೈನ್‌ಹೋಲ್ಡ್ ಚೀಲ ತೆಗೆದ.

"ಇವತ್ತಾ, ರೈನಿ?" ಎಂದಳು ಅಡೆಲಾ.

"ಇನ್ಯಾವತ್ತು?"

"ನಿಮ್ಮಮ್ಮ ಇವತ್ತು ಸೂಜಿನೂ ಮುಟ್ತಿರ್ಲಿಲ್ಲ."

"ಮೊಳೆ ಹೊಡೆಯಲ್ಲ ಅಡೆಲಾ. ಒಂದೇ ಒಂದೂ ಹೊಡೆಯಲ್ಲ." ಚೀಲ ಬಿಚ್ಚಿ ಗೂಟಗಳನ್ನು ತೋರಿಸಿದ.

ಅವಳು ಒಂದನ್ನು ಎತ್ತಿ ಮೂಸಿ ನೋಡಿದಳು. "ಗೂಟ ಆದ್ರೂ ಬಡಿಬೇಕಲ್ಲ. ಸದ್ದಿಗೇನ್ಮಾಡ್ತೀಯ?" ಎಂದವಳೇ ಒಳಗೆ ಹೋಗಿ ತನ್ನ ಹಳೆಯ ಉಣ್ಣೆ ಕಾಲುಚೀಲ ತಂದು ಮರದ ಕೊಡತಿಯ ತಲೆಗೆ ತೊಡಿಸಿ ದಾರ ಕಟ್ಟಿದಳು. "ಹೋಗ್ಬಿಟ್ಟು ಬಾ. ಆ ಹುಡುಗನ ಅಮ್ಮನ ಹೆಸರಲ್ಲಿ ಮಾಡು."

ಹಜಾರದಲ್ಲಿ ಎತ್ತರದ ಕಿಟಕಿಗಳಿಂದ ಬಿಸಿಲು ಬಿದ್ದಿತ್ತು. ರೈನ್‌ಹೋಲ್ಡ್ ಮೊಣಕಾಲೂರಿ ಹಳೆಯ ಮೊಳೆಗಳನ್ನು ಇಕ್ಕುಳದಿಂದ ಒಂದೊಂದಾಗಿ ಕಿತ್ತ. ಕೀಳುವುದಕ್ಕೆ ಯಾರ ಅಡ್ಡಿಯೂ ಇರಲಾರದು ಎಂದು ಅವನಿಗೆ ತೋರಿತು. ಮೊದಲ ಆ ಶುಕ್ರವಾರದ ಸಂಜೆ ಬೆಟ್ಟದ ಮೇಲೆ ಮೊಳೆ ಕಿತ್ತು ಮೈಯನ್ನು ಶಿಲುಬೆಯಿಂದ ಕೆಳಗಿಳಿಸಿದವರೂ ಇದ್ದರಲ್ಲ. ಹಲಗೆ ಎತ್ತಿ, ಕೊಳೆತದ್ದನ್ನು ಕೆತ್ತಿ ತೆಗೆದು, ಹೊಸ ತೊಲೆಯನ್ನು ಹಳೆಯದರ ಮಗ್ಗುಲಿಗೆ ಕೂರಿಸಿ, ಬೈರಿಗೆಯಿಂದ ತೂತು ಕೊರೆದು ಗೂಟ ಬಡಿದ. ಹಲಗೆಗಳನ್ನೂ ಗೂಟದಿಂದಲೇ ಕೂರಿಸಿ, ತಲೆಗಳನ್ನು ಸಮಕ್ಕೆ ಕತ್ತರಿಸಿ, ಮೇಣ ಉಜ್ಜಿದ. ಮತ್ತೆ ಅಲ್ಲೊಂದು ಚೆಂಡು ತಂದು ಬಿಟ್ಟ. ಅದು ಸೊಂಟಕ್ಕೆ ಎದ್ದು ಬಂದು ಅವನ ಅಂಗೈಗೆ ತಾಗಿತು. ಹತ್ತು ಸಲ ಬಿಟ್ಟ, ಹತ್ತು ಸಲವೂ ಎದ್ದಿತು. ಅವನಿಗೆ ಸಮಾಧಾನವಾಯಿತು, ಜೊತೆಗೆ ಸಾಕಿದ ನಾಯಿಯನ್ನು ಊರಾಚೆ ಬಿಟ್ಟು ಬಂದಂಥ ಸಂಕಟವೂ ಆಯಿತು.

ಶುಭ ಶುಕ್ರವಾರ ಚರ್ಚಿನ ಗಂಟೆ ಬಾರಿಸುವುದಿಲ್ಲ. ಬೀದಿಯಲ್ಲಿ ಗಾಡಿಯಿಲ್ಲ, ಕಾರ್ಖಾನೆಯ ಸಿಳ್ಳೆಯಿಲ್ಲ. ಆ ಮೌನದಲ್ಲಿ ಉಣ್ಣೆ ಸುತ್ತಿದ ಕೊಡತಿಯ ಸದ್ದೂ ಬೀದಿ ದಾಟಿ ಹೋಗಿತ್ತು. ಅವನು ಹೊರಗೆ ಬಂದಾಗ ಹಜಾರದ ಎದುರುಮನೆಯ ಒಟಿಲಿ ಜಾಸ್ಟ್ರೋ ಜಗುಲಿಯ ಮೇಲೆ ನಿಂತಿದ್ದಳು. ಒಟಿಲಿ ವಿಧವೆ, ಚರ್ಚಿನಲ್ಲಿ ತಪ್ಪದೆ ಎರಡನೇ ಸಾಲಿನಲ್ಲಿ ಕೂರುವವಳು. ಅವಳು ಅವನ ಚೀಲ ನೋಡಿದಳು, ಬಟ್ಟೆಯ ಮೇಲಿನ ಮರದ ಹೊಟ್ಟು ನೋಡಿದಳು.

"ನನಗೆ ಕಿವಿ ಕೇಳಿಸುತ್ತೆ, ರೈನ್‌ಹೋಲ್ಡ್."

ಅವನು ಟೋಪಿ ಮುಟ್ಟಿ ತಲೆ ಬಾಗಿಸಿ ನಡೆದುಬಿಟ್ಟ.

ಆ ವರ್ಷ ಮಹಡಿಯಲ್ಲಿ ಇದ್ದವನು ಡೆಲ್ಮರ್ ಪ್ರುಯಿಟ್. ಇಂಡಿಯಾನಾದ ಜೋಳದ ಹೊಲದಿಂದ ಬಂದವನು, ತಂಡದಲ್ಲಿ ಎದುರಾಳಿಯನ್ನು ಕಾಯುವ ಕೆಲಸ ಅವನದು. ಸತ್ತ ಹಲಗೆಗೆ ಮಂದಿಯನ್ನು ತಳ್ಳಿಕೊಂಡು ಹೋಗುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಶನಿವಾರ ಬೆಳಗಿನ ಅಭ್ಯಾಸದಲ್ಲೂ ಅವನೂ ಉಳಿದವರೂ ರೂಢಿಯಂತೆ ಆ ಮೂಲೆಯನ್ನು ಸುತ್ತುಹಾಕಿಯೇ ಓಡಿದರು. ಯಾರಿಗೂ ಏನೂ ತಿಳಿಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಅಡೆಲಾ ಈರುಳ್ಳಿ ಸಿಪ್ಪೆಯಲ್ಲಿ ಹಬ್ಬದ ಮೊಟ್ಟೆಗಳಿಗೆ ಬಣ್ಣ ಕಟ್ಟುತ್ತಿದ್ದಳು.

"ಯಜಮಾನ್ರೇ, ಇವತ್ತು ನಿಮ್ಮ ಹಲಗೆಗೆ ಒಂದು ಮುತ್ತು ಕೊಟ್ಟೇ ಶುರು ಮಾಡ್ತೀನಿ" ಎಂದ ಡೆಲ್ಮರ್, ಸೂಪಿನಲ್ಲಿ ರೊಟ್ಟಿ ಅದ್ದುತ್ತಾ.

ರೈನ್‌ಹೋಲ್ಡ್ ಚಮಚ ಕೆಳಗಿಟ್ಟ. "ನೆಲ ನೆಲದ ಹಾಗಿರುತ್ತೆ. ನೀನು ಆಟ ಆಡು."

"ಓಹೋ, ಪಾದ್ರಿಗಳ ಹಾಗೆ ಮಾತಾಡ್ತೀರಲ್ಲ!" ಡೆಲ್ಮರ್ ನಕ್ಕ. ಅಡೆಲಾ ಮೇಜಿನಡಿ ಗಂಡನ ಕಾಲು ಒದ್ದಳು. ಅವನು ಚಮಚ ಎತ್ತಿಕೊಂಡು ಸೂಪು ಕುಡಿದ.

ಅವನು ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಸರಿಮಾಡಿದೆ ಎಂದರೆ ಮೊದಲ ಪ್ರಶ್ನೆ, ಯಾವಾಗ? ಶುಕ್ರವಾರ ಎಂದು ಯಾವ ಬಾಯಿಂದ ಹೇಳುವುದು? ಐವತ್ತೆಂಟು ವರ್ಷ ಆ ದಿನ ಕೈ ಕಟ್ಟಿ ಕೂತ ಮನುಷ್ಯ. ಮೇಲಾಗಿ, ನೆಲ ಸರಿಯಿದೆ ಎಂದು ಯಾರಿಗಾದರೂ ಎಚ್ಚರಿಕೆ ಕೊಡುವುದುಂಟೇ ಎಂದು ತನಗೆ ತಾನೇ ಹೇಳಿಕೊಂಡ. ಕೆಟ್ಟ ಹಲಗೆಯನ್ನು ಆರು ವರ್ಷ ನಂಬಿದವರಿಗೆ ಒಳ್ಳೆಯ ಹಲಗೆಯೇ ಗುಂಡಿ ಎಂಬುದು ಅವನಿಗೆ ಹೊಳೆಯಲಿಲ್ಲ. ಹೊಳೆಯಿತೋ ಏನೋ, ಅವನು ಆ ಕಡೆ ನೋಡಲಿಲ್ಲ.

ಸಂಜೆ ಆರ್ಮರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಹಬ್ಬದ ಟೋಪಿಗಳನ್ನು ಒಂದು ದಿನ ಮುಂಚೆಯೇ ತೊಟ್ಟು ಬಂದಿದ್ದರು. ಕೊನೆಯ ನಿಮಿಷದವರೆಗೆ ಒಂದೊಂದೇ ಅಂಕ ಆಚೆ ಈಚೆ. ಹನ್ನೊಂದು ಸೆಕೆಂಡ್ ಉಳಿದಾಗ ನಮ್ಮವರು ಒಂದು ಅಂಕ ಮುಂದೆ, ಚೆಂಡು ಅವರ ಕೈಯಲ್ಲಿ. ಅವರ ಆಟಗಾರ ಸರೋವರದ ಕಡೆಯ ಬುಟ್ಟಿಗೆ ಹೊರಟ, ಡೆಲ್ಮರ್ ಅವನ ಮೈಗೆ ಮೈ ಕೊಟ್ಟು ಎಡಕ್ಕೆ, ಎಡಕ್ಕೆ ಒತ್ತಿದ. ಇಡೀ ಹಜಾರಕ್ಕೆ ಅವನು ಏನು ಮಾಡುತ್ತಿದ್ದಾನೆಂದು ಗೊತ್ತಿತ್ತು. "ಹಲಗೆ! ಹಲಗೆ!" ಎಂದು ಸಾವಿರ ಬಾಯಿ ಕೂಗಿದವು. ರೈನ್‌ಹೋಲ್ಡ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ.

ಚೆಂಡು ಆ ಜಾಗಕ್ಕೆ ಬಡಿಯಿತು. ಡೆಲ್ಮರ್ ಎದುರಾಳಿಯನ್ನು ಬಿಟ್ಟು, ಮೊಣಕಾಲಿನ ಮಟ್ಟದಲ್ಲಿ ಸಾಯಲಿರುವ ಚೆಂಡಿಗಾಗಿ ಬಗ್ಗಿ ಕೈ ಚಾಚಿದ. ಚೆಂಡು ಅವನ ಕೈ ಮೇಲಿಂದ, ಬಗ್ಗಿದ ಅವನ ಹೆಗಲ ಮೇಲಿಂದ, ಎಲ್ಲಿ ಏಳಬೇಕೋ ಅಲ್ಲಿಗೇ ಎದ್ದಿತು. ಎದುರಾಳಿ ಎರಡು ಹೆಜ್ಜೆ ಇಟ್ಟು ಬುಟ್ಟಿಗೆ ಹಾಕಿದ. ಮುಗಿಯಿತು. ಒಂದು ಅಂಕದಿಂದ.

ಡೆಲ್ಮರ್ ಎದ್ದು ನಿಲ್ಲಲಿಲ್ಲ. ಅಂಗೈಯನ್ನು ಆ ಹಲಗೆಯ ಮೇಲೆ ಊರಿ ಅದುಮಿ ನೋಡಿದ. ಆಮೇಲೆ ತಲೆಯೆತ್ತಿ ಗೋಡೆ ಬದಿಗೆ ನೋಡಿದ.

ಈಸ್ಟರ್ ಬೆಳಿಗ್ಗೆಯೇ ಒಟಿಲಿ ಚರ್ಚಿನ ಮೆಟ್ಟಿಲ ಮೇಲೆ ತಾನು ಕೇಳಿದ್ದನ್ನು ಹೇಳಿದಳು. ಸೋಮವಾರ ಡೆಲ್ಮರ್ ಪೆಟ್ಟಿಗೆ ಕಟ್ಟಿಕೊಂಡು ಕೆಳಗಿಳಿದ. "ಶುಕ್ರವಾರ ಮಾಡಿದ್ರಂತೆ?"

"ಹೂಂ."

"ಶನಿವಾರ ನಾವಿಬ್ರೂ ಒಂದೇ ಮೇಜಲ್ಲಿ ಕೂತು ಉಂಡ್ವಲ್ಲ, ಯಜಮಾನ್ರೇ."

ಊರು ಮುಂದೆ ಆಡಿದ ಯಾವ ಮಾತೂ ರೈನ್‌ಹೋಲ್ಡನಿಗೆ ಅಷ್ಟು ನಾಟಲಿಲ್ಲ.

ಆ ಬೇಸಿಗೆ ಕೂಪರ್ಸ್ ಲೀಗಿನಿಂದ ಹೊರಬಿದ್ದರು. ಅಂಥ ಇನ್ನೂ ಕೆಲವು ಸಣ್ಣ ಊರುಗಳೂ ಬಿದ್ದವು, ಕೂಪರ್ಸ್ ಗೆದ್ದಿದ್ದರೂ ಬೀಳುತ್ತಿದ್ದರೇನೋ. ಊರಿಗೆ ಆ ಲೆಕ್ಕ ಬೇಕಿರಲಿಲ್ಲ. ಟೀಸ್ ಕೀಲಿ ವಾಪಸು ಕೇಳಿದ, ರೈನ್‌ಹೋಲ್ಡ್ ಕೊಟ್ಟ. ದೋಣಿ ಕಟ್ಟೆಯಲ್ಲಿ ಹಲಗೆ ರಿಪೇರಿಗೆ ಸೇರಿಕೊಂಡ. ಚರ್ಚಿನಲ್ಲಿ ಗಂಡಹೆಂಡಿರ ಪಕ್ಕ ಒಬ್ಬರು ಕೂರುವಷ್ಟು ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. "ಮೊಳೆ ಅಲ್ಲ ಅಂತ ಒಂದು ಮಾತು ಹೇಳೋ, ನೀನು ಹೇಳ್ದಿದ್ರೆ ನಾನು ಹೇಳ್ತೀನಿ" ಎಂದು ಅಡೆಲಾ ಎಷ್ಟೋ ಸಲ ಜಗಳ ಕಾಯ್ದಳು. ಅವನು "ಬೇಡ" ಎಂದ. ಅವಳು ಅರವತ್ತೊಂದರಲ್ಲಿ ಎದೆನೋವಿನಿಂದ ತೀರಿಕೊಂಡಳು, ಆ ಮಾತನ್ನು ಒಳಗಿಟ್ಟುಕೊಂಡೇ. ಅಂತ್ಯಕ್ರಿಯೆಗೆ ಬೀದಿಯವರೆಲ್ಲ ಬಂದರು. ಕಾಫಿ ಕೇಕಿನ ತಟ್ಟೆಗಳನ್ನು ಜಗುಲಿಯಲ್ಲಿಟ್ಟು ಹೋದರು. ಒಳಗೆ ಬಂದು ಕೂತವರು ಕಡಿಮೆ.

ಅರವತ್ತೆಂಟರಲ್ಲಿ ಆರ್ಮರಿಯನ್ನು ಕೆಡವಲು ಶುರುಮಾಡಿದರು. ಅದರ ಮೂರನೇ ದಿನ ಒಟಿಲಿ ಜಾಸ್ಟ್ರೋ ಅವನ ಬಾಗಿಲು ತಟ್ಟಿದಳು. ಹದಿನೆಂ‌ಟು ವರ್ಷದಲ್ಲಿ ಮೊದಲ ಸಲ. ಎಂಬತ್ತು ದಾಟಿದ್ದ ಹೆಂಗಸು ಏಪ್ರನ್ನಿನಲ್ಲಿ ಏನನ್ನೋ ಸುತ್ತಿ ಹಿಡಿದಿದ್ದಳು. ಬಿಚ್ಚಿ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಒಂದೂವರೆ ಗೇಣು ಮೇಪಲ್ ಹಲಗೆ. ಅದರಲ್ಲಿ ಗುಂಡಗೆ ಎರಡು ಓಕ್ ಗೂಟದ ತಲೆ.

"ನನ್ನ ತಂಗಿ ಮಗ ಅಲ್ಲಿ ಮೇಸ್ತ್ರಿ," ಎಂದಳು. "ಹಜಾರ ಪೂರ್ತಿ ಎದ್ದು ಬಂತಂತೆ, ಆ ಮೂಲೆ ಮಾತ್ರ ಏಳ್ಲಿಲ್ಲವಂತೆ. ಮೊಳೆ ಕೀಳೋ ಸಲಾಕೆಗೆ ಹಿಡಿಯೋಕೆ ಏನೂ ಸಿಗ್ಲಿಲ್ವಂತೆ. ಕೊನೆಗೆ ಗರಗಸ ಹಾಕಿದ್ರು."

ಅವನು ಹಲಗೆಯನ್ನು ಮುಟ್ಟಿ ನೋಡಿದ.

"ಒಂದು ಮೊಳೆನೂ ಇರ್ಲಿಲ್ಲ," ಎಂದಳು ಅವಳು.

"ಇರ್ಲಿಲ್ಲ."

"ಹಾಗಾದ್ರೆ ಯಾಕೋ ಹೇಳ್ಲಿಲ್ಲ, ಹಾಳಾದೋನೇ? ನಾನು ಹದಿನೆಂಟು ವರ್ಷ ಸುಳ್ಳು ಹೇಳ್ಕೊಂಡು ತಿರುಗಿದ್ನಲ್ಲ! ಚರ್ಚಲ್ಲಿ ನಿನ್ನ ಮುಂದೇನೇ ದೇವರ ರೊಟ್ಟಿ, ದ್ರಾಕ್ಷಾರಸ ತಗೊಂಡ್ನಲ್ಲ!"

ಅವನು ಕೆಟಲನ್ನು ಒಲೆಯ ಮೇಲಿಟ್ಟು, ಬೆನ್ನು ತಿರುಗಿಸಿಕೊಂಡೇ ಮಾತಾಡಿದ. "ಮೊಳೆ ಹೊಡೀಲಿಲ್ಲ ಅಂತ ಹೇಳಿದ್ರೆ ಯಾಕೆ ಸರಿಮಾಡ್ದೆ ಅಂತ ಕೇಳ್ತಿದ್ರಿ. ಹುಡುಗನ ಕಾಲು ಮುರೀತು ಅದಕ್ಕೆ ಅಂತಿದ್ದೆ. ಆಗ ನೀವೆಲ್ಲ ಬುಂಟ್ರಾಕ್ ಒಳ್ಳೇವನು ಅಂತಿದ್ರಿ. ಆ ಹಲಗೇನ ಆರು ವರ್ಷ ಮೇಣ ಹಾಕಿ ಉಜ್ಜಿದೋನು ನಾನು, ಒಟಿಲಿ. ಒಳ್ಳೇವನು ಅನ್ನಿಸ್ಕೊಳ್ಳೋದು ಹೇಗೆ? ಬೈಸ್ಕೊಳ್ಳೋದು ಸುಲಭವಾಗಿತ್ತು. ಮಾಡಿದ ತಪ್ಪು ಬಿಟ್ಟು ಬೇರೆದಕ್ಕೆ ಬೈತಿದ್ರಿ, ಅಷ್ಟೇ."

ಒಟಿಲಿ ಹಲಗೆಯನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು. "ನಮ್ಮ ಹತ್ರ ಬೈಸ್ಕೊಂಡು ಆ ಹುಡುಗನ ಸಾಲ ತೀರುತ್ತೇನೋ? ಅವನಿಗೆ ಹೇಳಿದ್ಯಾ?"

ಕೆಟಲು ಸಿಳ್ಳು ಹಾಕಿತು. ಅವನು ತೆಗೆಯಲಿಲ್ಲ, ಅವಳೇ ಎದ್ದು ತೆಗೆದಳು.

ವೆಂಡೆಲ್ ಮ್ಯಾಬ್ರಿಯ ವಿಳಾಸ ಸಿಕ್ಕಿದ್ದು ಒಟಿಲಿಯ ಕಡೆಯಿಂದಲೇ. ಊರೂರಿನ ಪಾದ್ರಿಗಳಿಗೆ ಕಾಗದ ಬರೆಯುವುದರಲ್ಲಿ ಅವಳಿಗೆ ಸರಿಸಮ ಯಾರೂ ಇರಲಿಲ್ಲ. ಓಹಾಯೋದ ಒಂದು ನದೀತೀರದ ಊರಿನಲ್ಲಿ ಅವನು ಅಂಚೆ ಕಚೇರಿಯ ಕಿಟಕಿಯಲ್ಲಿ ಕೂರುತ್ತಾನೆ, ಕಾಲೆಳೆದು ನಡೆಯುತ್ತಾನೆ, ಮೂರು ಹೆಣ್ಣುಮಕ್ಕಳು ಎಂದು ತಿಳಿಯಿತು.

ಮುಂದಾದದ್ದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ರೈನ್‌ಹೋಲ್ಡ್ ಅಲ್ಲಿಗೆ ತಲುಪಿದ, ಹೇಳಬೇಕಾದದ್ದನ್ನು ಹೇಳಿದ. ಆ ರಾತ್ರಿ ಮ್ಯಾಬ್ರಿಯವರ ಮನೆಯಲ್ಲೇ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಈಗ ಅಡೆಲಾಳ ಪಕ್ಕದಲ್ಲಿದ್ದಾನೆ. ಒಟಿಲಿಗೆ ಮ್ಯಾಬ್ರಿಯಿಂದ ನಾಲ್ಕು ಸಾಲಿನ ಕಾಗದ ಬಂತು, ಅದನ್ನು ಅವಳು ಒಂಬತ್ತನೇ ಬೀದಿಯ ಒಂದೊಂದು ಮನೆಗೂ ಹೋಗಿ ಓದಿದಳು. "ಅವರು ಒಂದು ಹಲಗೆ ತಂದಿದ್ದರು. ಕಾಫಿ ಕುಡಿದೆವು. ನಾನೇ ಕಾಲು ತಪ್ಪಿಟ್ಟೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ, ನನ್ನ ಅಪ್ಪನೂ ಸಾಯುವವರೆಗೆ ಹಾಗೇ ಅನ್ನುತ್ತಿದ್ದರು. ಬುಂಟ್ರಾಕ್ ಅವರು ಬಂದದ್ದು ಒಳ್ಳೆಯದಾಯಿತು."

ಅವನು ಓಹಾಯೋಗೆ ಹೊರಟ ದಿನ ಮಂಗಳವಾರ, ಸೆಪ್ಟೆಂಬರಿನ ತೆಳು ಮಂಜು. ರೈನ್‌ಹೋಲ್ಡ್ ಭಾನುವಾರದ ಕೋಟು ತೊಟ್ಟಿದ್ದ. ಒಲೆ ಆರಿಸಿದ, ನಲ್ಲಿ ಬಿಗಿ ಮಾಡಿದ. ಹಲಗೆಯನ್ನು ಅಡೆಲಾಳ ಆ ಹಳೆಯ ಉಣ್ಣೆ ಕಾಲುಚೀಲದೊಳಗೆ ಸೇರಿಸಿ ಕಂಕುಳಲ್ಲಿಟ್ಟುಕೊಂಡ. ಒಂದು ತುದಿ ಹೊರಗೆ ಇಣುಕುತ್ತಿತ್ತು. ಒಟಿಲಿ ಮೆಟ್ಟಿಲ ಕೆಳಗೆ ಶಾಲು ಹೊದ್ದು ನಿಂತಿದ್ದಳು. ಅವನು ಬಾಗಿಲು ಎಳೆದು ಕೀಲಿಯನ್ನು ಅವಳ ಕೈಗೆ ಕೊಟ್ಟ.

"ಬೆಕ್ಕಿಗೆ ಹಾಲು ಇಡು. ಎರಡನೇ ಮೆಟ್ಟಿಲು ನೋಡ್ಕೊಂಡು ಇಳಿ, ಸಡಿಲ ಇದೆ."

"ನಿಮ್ಮನೆ ಮೆಟ್ಟಿಲೇ ಸಡಿಲಾನಾ!"

"ಬಂದು ಸರಿಮಾಡ್ತೀನಿ."

"ತಿನ್ನೋಕೆ ಕಟ್ಕೊಂಡ್ಯಾ?"

"ಕಟ್ಕೊಂಡಿದೀನಿ. ರೊಟ್ಟಿ, ಮೊಟ್ಟೆ."

"ಕಾಲಿಂದ ಶುರು ಮಾಡ್ಬೇಡ. ಮೊದಲು ಹೆಸರು ಹೇಳು, ಕೂತ್ಕೋ, ಅವರು ಕಾಫಿ ಕೊಟ್ರೆ ಕುಡಿ. ಆಮೇಲೆ ಹೇಳು."

ಅವನು ತಲೆಯಾಡಿಸಿದ. ಗೇಟು ತೆರೆದು, ಹಲಗೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಬಸ್ಸು ನಿಲ್ಲುವ ಕಡೆಗೆ ನಡೆದ.